ಕರೆಂಟು ಹೋದರೆ ಹೊಡೆಯುವ ಗಂಟೆ

೩ ಮಾರ್ಚ್ ೧೯೭೪

ಹಳೆಯ ದಿನಚರಿಯನ್ನು ಇವತ್ತು ಚಿಕ್ಕಮ್ಮನ ನೀರೊಲೆಗೆ ಹಾಕಿದೆ. ಅದರ ತುಂಬ ನನ್ನ ದುಃಖ, ನನ್ನ ಭವಿಷ್ಯ, ನನ್ನ ಎಸ್ಸೆಸ್ಸೆಲ್ಸಿ ಅಂಕಗಳು. ಓದಿ ನಾಚಿಕೆಯಾಯಿತು. ಇನ್ನು ಕೆಲಸದ ಬಗ್ಗೆ ಮಾತ್ರ ಬರೆಯುತ್ತೇನೆ. ಸುಳ್ಳು ಬರೆಯುವುದಿಲ್ಲ, ಆಡುವುದೂ ಇಲ್ಲ. ದೊಡ್ಡಬಳ್ಳಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ಕಿರುಹೊತ್ತಿಗೆಗಳಲ್ಲೆಲ್ಲ ಇದೇ ಮಾತು ಬೇರೆ ಬೇರೆ ರೀತಿಯಲ್ಲಿ ಇದೆ: ಜನತೆಯ ಮೊದಲ ಶತ್ರು ಸುಳ್ಳು, ಎರಡನೆಯದು ಮೌಢ್ಯ, ಮೂರನೆಯದು ಅಶಿಸ್ತು. ಸಾಹುಕಾರ ಆಮೇಲೆ ಬರುತ್ತಾನೆ.

ಕೆಲಸ ಇದು. ನಾನು ಗುಮಾಸ್ತನಾಗಿರುವ ರೇಷ್ಮೆ ಬೆಳೆಗಾರರ ಸಂಘಕ್ಕೆ ಇಲಾಖೆ ಒಂದು ದೊಡ್ಡ ಫ್ರಿಜ್ ಕೊಟ್ಟಿದೆ. ಹುಳದ ಮೊಟ್ಟೆಯ ಹಾಳೆಗಳನ್ನು ಅದರಲ್ಲಿಟ್ಟರೆ ಮೊಟ್ಟೆ ಒಡೆಯುವುದನ್ನು ಕೆಲವು ದಿನ ತಡೆಯಬಹುದು. ಅಷ್ಟರಲ್ಲಿ ಹಿಪ್ಪುನೇರಳೆ ಚಿಗುರಬೇಕು, ಹುಳದ ಮನೆಗಳನ್ನು ತೊಳೆದು ಸುಣ್ಣ ಬಳಿಯಬೇಕು. ಎಲ್ಲ ಸಿದ್ಧವಾದ ಮೇಲೆ ಊರಿಗೆ ಊರೇ ಒಂದೇ ದಿನ ಮೇಯಿಸಲು ಶುರುಮಾಡುತ್ತದೆ. ಆದರೆ ವಿದ್ಯುತ್ತಿಗೆ ಭರವಸೆಯಿಲ್ಲ. ಸಂಘದ ಕೋಣೆ ಇರುವುದು ಬಸ್ಸು ನಿಲ್ಲುವ ರಸ್ತೆಯ ಗೇಟಿನಲ್ಲಿ, ಊರು ಒಳಗೆ ಎರಡು ಫರ್ಲಾಂಗು ದೂರ. ಬೆಳಗಿನ ಹೊತ್ತು ಬಿಟ್ಟರೆ ಕೋಣೆಗೆ ಬೀಗ. ಹೋದ ಬೆಳೆಯಲ್ಲಿ ಬೀಗದ ಹಿಂದೆ ವಿದ್ಯುತ್ ಹೋದದ್ದು ಯಾರಿಗೂ ತಿಳಿಯಲಿಲ್ಲ. ಮರುದಿನ ನಾನೇ ಬಾಗಿಲು ತೆಗೆದೆ. ಮೊಟ್ಟೆಗಳೆಲ್ಲ ಒಡೆದು, ತಿನ್ನಲು ಎಲೆಯಿಲ್ಲದೆ ಮರಿಗಳು ಹಾಳೆಯ ಮೇಲೆ ಕರಿ ಧೂಳಿನಂತೆ ಸತ್ತುಬಿದ್ದಿದ್ದವು. ಅರ್ಧ ಊರಿನ ಬೆಳೆ ಅದು.

ಇನ್ನೊಮ್ಮೆ ಹಾಗಾಗಲು ಬಿಡುವುದಿಲ್ಲ.

೮ ಮಾರ್ಚ್

ಬೆಂಗಳೂರಿನ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿ ಟೆಲಿಫೋನಿನ ಹಳೆಯ ರಿಲೇ ಒಂದನ್ನು ತಂದೆ. ಹೆಬ್ಬೆರಳಿನ ಗಾತ್ರದ ತಂತಿಯ ಸುರುಳಿ, ಅದರ ಮುಂದೆ ಕಬ್ಬಿಣದ ಸಣ್ಣ ನಾಲಿಗೆ. ವಿದ್ಯುತ್ ಇರುವವರೆಗೆ ಸುರುಳಿ ಆ ನಾಲಿಗೆಯನ್ನು ಹಿಡಿದಿಟ್ಟುಕೊಂಡಿರುತ್ತದೆ. ವಿದ್ಯುತ್ ಹೋದ ಕ್ಷಣ ಹಿಡಿತ ಸಡಿಲಿ ನಾಲಿಗೆ ಹಿಂದಕ್ಕೆ ಬೀಳುತ್ತದೆ, ಬ್ಯಾಟರಿಗೂ ಗಂಟೆಗೂ ಸಂಪರ್ಕವಾಗಿ ಗಂಟೆ ಹೊಡೆಯುತ್ತದೆ. ನಾಲ್ಕಾಣೆಯ ವಿಜ್ಞಾನದ ಪುಸ್ತಿಕೆಯಲ್ಲಿ ಚಿತ್ರಸಮೇತ ಎರಡೇ ಪುಟದಲ್ಲಿ ಇದನ್ನು ವಿವರಿಸಿದ್ದಾರೆ. ಮಗ್ಗದ ಶೆಡ್ಡಿನಲ್ಲಿ ಮಾವನ ಕೈಕೆಳಗೆ ವೈರಿಂಗು ಕಲಿತದ್ದು ಈಗ ಉಪಯೋಗಕ್ಕೆ ಬಂತು.

ಎಲ್ಲ ಸರಿಯಿದ್ದಾಗ ಸುಮ್ಮನಿದ್ದು, ಕೆಟ್ಟಾಗ ಮಾತ್ರ ಕೂಗುವ ಯಂತ್ರ. ಮನುಷ್ಯರು ಇದಕ್ಕೆ ತದ್ವಿರುದ್ಧ.

೧೧ ಮಾರ್ಚ್

ಸಂಘದ ಸಭೆ. ಗಂಟೆಯನ್ನು ಎಲ್ಲಿ ಕಟ್ಟಬೇಕೆಂಬುದೇ ಮೊದಲ ಜಗಳ. ಗೇಟಿನಲ್ಲಿ ಸಂಘದ ಎದುರಿಗೇ ಟೀ ಅಂಗಡಿ ಇಟ್ಟಿರುವ ಅಪ್ಪಯ್ಯಣ್ಣ, ನನ್ನ ಅಂಗಡಿಯಲ್ಲೇ ಕಟ್ಟಿಬಿಡಿ, ಹಗಲು ನಾಲ್ಕು ಜನ ಇದ್ದೇ ಇರುತ್ತಾರೆ, ರಾತ್ರಿ ನಾನು ಅಲ್ಲೇ ಮಲಗುತ್ತೇನೆ ಎಂದ. ನಾನು ಒಪ್ಪಲಿಲ್ಲ. ಬೀಡಿ ಸೇದುತ್ತ ಹರಟುವವರಿಗೆ ಹೊಣೆಯೆಂಬುದಿಲ್ಲ. ಬೀಡಿ ಮುಟ್ಟಿದ ಕೈ ಹುಳಕ್ಕೆ ವಿಷ ಬೇರೆ. ಸಂಬಳ ತೆಗೆದುಕೊಳ್ಳುವ ಕಾವಲುಗಾರ ಒಬ್ಬನಿದ್ದಾನಲ್ಲ, ಬೈಲಪ್ಪ, ಅವನ ಮನೆಗೇ ತಂತಿ ಎಳೆಯಬೇಕು. ಗಂಟೆ ಹೊಡೆದರೆ ಬಂದು, ತನ್ನ ಹತ್ತಿರವಿರುವ ಕೀಲಿಯಿಂದ ಬೀಗ ತೆಗೆದು ಫ್ರಿಜ್ಜಿಗೆ ಒದ್ದೆ ಗೋಣಿ ಹೊದಿಸಬೇಕು. ಸ್ವಲ್ಪ ಹೊತ್ತಿನಲ್ಲಿ ವಿದ್ಯುತ್ ಮರಳದಿದ್ದರೆ ಹಾಳೆಗಳನ್ನು ತೆಗೆದು, ಬಾವಿಯ ಪಕ್ಕ ಒದ್ದೆ ಮರಳಿನಲ್ಲಿ ಹೂತ ಮಡಕೆಗಳಿಗೆ ಸೇರಿಸಬೇಕು. ಗಂಟೆ ಹೊಡೆದೂ ಆ ಮನೆಯಿಂದ ಯಾರೂ ಬರದಿದ್ದರೆ ಕಾವಲುಗಾರನ ಕೆಲಸ ಅದೇ ದಿನ ಹೋಗಬೇಕು. ಈ ಕೊನೆಯ ನಿಯಮವನ್ನು ನಾನೇ ಮುಂದಿಟ್ಟೆ. ಶಿಸ್ತಿಲ್ಲದ ಜನತೆಯನ್ನು ಯಾವ ಯಂತ್ರವೂ ಉಳಿಸಲಾರದು ಎಂದು ಒಂದು ಸಣ್ಣ ಭಾಷಣವನ್ನೂ ಮಾಡಿದೆ.

ಅಲ್ಲಿಯವರೆಗೆ ಅಡಕೆ ಕತ್ತರಿಸುತ್ತಿದ್ದ ಅಧ್ಯಕ್ಷ ವೆಂಕಟರಾಮಪ್ಪನವರು ತಲೆಯೆತ್ತಿದರು.

"ಹುಡುಗ ಸರಿಯಾಗಿ ಹೇಳ್ತಾವ್ನೆ. ಬರ್ಕೊಳ್ಳಿ" ಎಂದರು.

ಆ ಕಾವಲಿನ ಕೆಲಸ ಅವರ ತಂಗಿಯ ಮಗನಿಗೆ ಬೇಕೆಂದು ಊರಿಗೆಲ್ಲ ಗೊತ್ತು. ಗೊತ್ತಿದ್ದರೇನು? ಸರಿಯಾದ ನಿಯಮವನ್ನು ಯಾರು ಬೆಂಬಲಿಸಿದರೂ ಅದು ಸರಿಯೇ. ಕಾವಲುಗಾರ ಗೋಡೆಗೊರಗಿ ನಿಂತಿದ್ದ. ಒಪ್ಪಿಗೆಯೇ ಎಂದು ಕೇಳಿದ್ದಕ್ಕೆ ಟವೆಲ್ಲಿನಿಂದ ಮುಖ ಒರೆಸಿಕೊಂಡು, "ನೀವೆಲ್ಲ ಸೇರಿ ಹೇಳ್ದಂಗೆ" ಎಂದ. ನಮ್ಮ ಜನ ಯಾವಾಗ ಎದೆಯೆತ್ತಿ ಹೌದು ಅಥವಾ ಅಲ್ಲ ಎನ್ನುವುದನ್ನು ಕಲಿಯುತ್ತಾರೋ.

೧೬ ಮಾರ್ಚ್

ತಂತಿ ಎಳೆದು ಮುಗಿಯಿತು. ಗೇಟಿನಿಂದ ಊರಿನವರೆಗೆ ಹೊಂಗೆ ಮರದಿಂದ ಹೊಂಗೆ ಮರಕ್ಕೆ. ಕಾವಲುಗಾರ ಏಣಿ ಹಿಡಿದ, ನಾನು ಹತ್ತಿದೆ. ಅಂಗೈ ಬೊಬ್ಬೆ ಬಂದಿದೆ, ಸಂತೋಷ.

ಗಂಟೆಯನ್ನು ಅವನ ನಡುಮನೆಯ ಗೋಡೆಗೆ ಹೊಡೆದೆ. ಹಳೆಯ ಶಾಲೆಯ ಗಂಟೆ, ಗಟ್ಟಿ ಸದ್ದಿನದು. ಅವನ ಹೆಂಡತಿ ಅದಕ್ಕೆ ಕುಂಕುಮ ಇಡಲು ಬಂದಳು. ಇದು ದೇವರಲ್ಲ, ಯಂತ್ರ ಎಂದು ತಡೆದೆ. "ಕಲಸ್ಬಿಟ್ಟಿದೀನಲ್ಲಪ್ಪ, ಏನ್ಮಾಡ್ಲಿ" ಎಂದು ಅದನ್ನು ಏಣಿಗೆ ಇಟ್ಟುಹೋದಳು.

ಮನೆಯಲ್ಲಿ ಬಾಣಂತಿ ಇದ್ದಾಳೆ. ಮಗಳಂತೆ, ಮುನಿರತ್ನಮ್ಮ, ನೆಲಮಂಗಲದ ಕಡೆಗೆ ಕೊಟ್ಟಿದ್ದಾರೆ. ನಡುಮನೆಯ ಮೂಲೆಗೆ ಸೀರೆಯ ಮರೆ ಕಟ್ಟಿ ತೊಟ್ಟಿಲು ಹಾಕಿದ್ದಾರೆ. ಪರೀಕ್ಷೆಗೆಂದು ಕಾವಲುಗಾರನನ್ನು ಗೇಟಿಗೆ ಕಳಿಸಿ ಮೈನ್ ಸ್ವಿಚ್ ಇಳಿಸಲು ಹೇಳಿದ್ದೆ. ಸರಿಯಾಗಿ ಹೊಡೆಯಿತು. ಅಟ್ಟದ ಮೇಲಿನ ಪಾತ್ರೆಗಳು ನಡುಗುವಷ್ಟು. ಮರೆಯ ಹಿಂದೆ ಮಗು ಉಸಿರು ಕಟ್ಟಿದಂತೆ ಅಳತೊಡಗಿತು. ಸದ್ದು ನಿಂತ ಮೇಲೂ ಬಹಳ ಹೊತ್ತು ಅತ್ತಿತು. ಬಾಣಂತಿ ತಲೆಗೆ ಬಟ್ಟೆ ಕಟ್ಟಿಕೊಂಡು ಹೊರಗೆ ಬಂದಳು.

"ಅಣ್ಣ, ಇದ್ರ ಸದ್ದು ಒಸಿ ಕಮ್ಮಿ ಮಾಡಕಾಗಲ್ವಾ?"

ನಾನು ತಾಳ್ಮೆಯಿಂದಲೇ ವಿವರಿಸಿದೆ. ಒಂದು ಕಡೆ ಒಂದು ಮಗುವಿನ ನಿದ್ದೆ, ಇನ್ನೊಂದು ಕಡೆ ಒಂದು ಊರಿನ ಅನ್ನ. ತೂಗಿ ನೋಡು, ಯಾವುದು ಹೆಚ್ಚು ಎಂದೆ. ಅವಳು ಮರೆಯ ಹಿಂದೆ ಹೋಗಿ ತೊಟ್ಟಿಲು ತೂಗತೊಡಗಿದಳು. ತಿಳಿಯಿತೆಂದುಕೊಂಡಿದ್ದೇನೆ.

೧೮ ಮಾರ್ಚ್

ಇಂದು ನಿಜವಾಗಿ ವಿದ್ಯುತ್ ಹೋಯಿತು, ಗಂಟೆ ಹೊಡೆಯಿತು. ನಾನು ಸಂಘದಲ್ಲಿ ಕಾಯುತ್ತಿದ್ದೆ. ಓಡಿಬಂದದ್ದು ಕಾವಲುಗಾರನಲ್ಲ, ಅವನ ಹೆಂಡತಿ. ಸೊಂಟಕ್ಕೆ ಸೆರಗು ಸಿಕ್ಕಿಸಿ, ಕೈಯಲ್ಲಿ ಇನ್ನೂ ರಾಗಿ ಹಿಟ್ಟು. ಕೈ ತೊಳೆದುಕೊಂಡು ಗೋಣಿ ನೆನೆಸಿ ಹೊದಿಸಿದಳು. ಯಂತ್ರ ಕೆಲಸ ಮಾಡುತ್ತದೆ.

೨೪ ಮಾರ್ಚ್

ದಿನಕ್ಕೆ ಮೂರು ಸಲ, ನಾಲ್ಕು ಸಲ ಹೋಗುತ್ತಿದೆ. ಪ್ರತಿ ಸಲವೂ ಕಾವಲುಗಾರನ ಹೆಂಡತಿ ಮುನಿತಾಯಮ್ಮನೇ ಬರುವುದು. ನಿನ್ನೆ ಮಧ್ಯಾಹ್ನ ಉರಿಬಿಸಿಲಿನಲ್ಲಿ ಬರಿಗಾಲಲ್ಲಿ ಬಂದು, ಗೋಣಿ ಹೊದಿಸಿ ಬಾಗಿಲಲ್ಲಿ ಕುಕ್ಕರಿಸಿದಳು. ಕಾವಲುಗಾರ ಎಲ್ಲಿ ಎಂದು ಕೇಳಿದೆ.

"ಅವರಿಗೆ ಮೊಣಕಾಲು ಬರಲ್ಲಪ್ಪ. ಓಡೋದು ನಾನೇ. ಸಂಬಳ ಅವರ ಹೆಸರಲ್ಲಿ ಬರ್ತದೆ, ಕಾಲು ನಂದು" ಎಂದು ನಕ್ಕಳು.

ಇದು ನಿಯಮಕ್ಕೆ ವಿರುದ್ಧವೇ ಎಂದು ಯೋಚಿಸಿದೆ. 'ಆ ಮನೆಯಿಂದ ಯಾರೂ ಬರದಿದ್ದರೆ' ಎಂದು ತಾನೆ ಬರೆದದ್ದು? ವಿರುದ್ಧವಲ್ಲ.

೨೭ ಮಾರ್ಚ್

ಮೊಟ್ಟೆ ಬಂತು. ಹೊಸ ತಳಿ, ಗೂಡು ದಪ್ಪ, ನೂಲು ಉದ್ದ. ಬೆಳೆ ಬಂದರೆ ಊರಿನ ಎರಡು ವರ್ಷದ ಕಷ್ಟ ಕಳೆಯುತ್ತದೆ. ಇಲಾಖೆಯ ಸಾಹೇಬರೇ ಜೀಪಿನಲ್ಲಿ ತಂದುಕೊಟ್ಟರು. ಗಂಟೆಯ ವಿಷಯ ಕೇಳಿ ರಿಲೇಯನ್ನು ಬಗ್ಗಿ ಬಗ್ಗಿ ನೋಡಿದರು. ಈ ಕಂತು ಸುಸೂತ್ರವಾಗಿ ಮುಗಿದರೆ ತಾಲ್ಲೂಕಿನ ಎಲ್ಲ ಕೇಂದ್ರಗಳಿಗೂ ಇಂಥದೇ ಹಾಕಿಸುತ್ತೇನೆ, ಹಾಕಲು ನಿನ್ನನ್ನೇ ಇಲಾಖೆಗೆ ತೆಗೆದುಕೊಳ್ಳುತ್ತೇನೆ ಎಂದರು. ಹತ್ತನೇ ತಾರೀಕು ಮತ್ತೆ ಬರುತ್ತಾರೆ.

ಕುಂದಾಣದ ಮನೆಯವರೆಗೆ ಸೈಕಲ್ ತುಳಿದದ್ದೇ ತಿಳಿಯಲಿಲ್ಲ. ಚಿಕ್ಕಮ್ಮನಿಗೆ ಹೇಳಿದೆ. ಇದು ನನ್ನ ಭವಿಷ್ಯದ ಮಾತಲ್ಲ, ಒಂದು ಯಂತ್ರ ಜನತೆಯನ್ನು ತಲುಪುವ ಮಾತು. ಅದಕ್ಕೇ ಬರೆದೆ.

೩೦ ಮಾರ್ಚ್

ಬ್ಯಾಟರಿ ಬದಲಿಸಲು ಹೋಗಿದ್ದೆ. ಬಾಣಂತಿ ಮರೆಯ ಹಿಂದೆ ಮಲಗಿದ್ದಳು. ಮುನಿತಾಯಮ್ಮ ಮಜ್ಜಿಗೆ ಕೊಟ್ಟು, ದನಿ ತಗ್ಗಿಸಿ ಮಾತಾಡಿದಳು. ಮಗಳಿಗೆ ಇದು ಎರಡನೆಯ ಮಗು. ಮೊದಲನೆಯದು ಮೂರು ತಿಂಗಳಿಗೆ ಗಂಡನ ಮನೆಯಲ್ಲಿ ಹೋಯಿತಂತೆ. ಪಕ್ಕದ ಮನೆಯ ಮದುವೆಗೆ ಪಟಾಕಿ ಹೊಡೆದರಂತೆ, ಮಗು ಬೆಚ್ಚಿಬಿದ್ದು ಸೆಟೆದುಕೊಂಡಿತಂತೆ. ಬಾಲಗ್ರಹ ಎಂದಳು. ಈಗ ಗಂಟೆ ಹೊಡೆದಾಗಲೆಲ್ಲ ಮಗಳು ಮಗುವಿನ ಮೇಲೆ ಬೋರಲು ಬೀಳುತ್ತಾಳೆ, ಹಾಲು ಬತ್ತುತ್ತಿದೆ ಎಂದಳು.

ಬಾಲಗ್ರಹ ಎಂಬುದಿಲ್ಲ, ಅದು ಮೌಢ್ಯ, ವೈದ್ಯಶಾಸ್ತ್ರದಲ್ಲಿ ಆ ಕಾಯಿಲೆಗೆ ಬೇರೆ ಹೆಸರಿದೆ, ಸದ್ದಿನಿಂದ ಬರುವಂಥದಲ್ಲ ಎಂದೆ.

"ಹೆಸರು ಯಾವುದಾದ್ರೂ ಮಗು ಹೋಯ್ತಲ್ಲಪ್ಪ" ಎಂದಳು.

ಲೋಟ ಖಾಲಿ ಮಾಡಿ ಎದ್ದೆ. ಮಜ್ಜಿಗೆ ಚೆನ್ನಾಗಿತ್ತು. ಮೊಟ್ಟೆಯೊಳಗೆ ಹುಳ ಕಪ್ಪು ಚುಕ್ಕೆಯಾಗಿ ಕಾಣುತ್ತಿದೆ. ಇನ್ನು ಐದು ದಿನ ತಡೆದರೆ ಸಾಕು.

೨ ಏಪ್ರಿಲ್

ಮೊಟ್ಟೆ ಒಡೆಯುತ್ತಿದೆ. ಬರೆಯಲು ಹೊತ್ತಿಲ್ಲ.

೪ ಏಪ್ರಿಲ್

ನಿದ್ದೆಯಿಲ್ಲ. ಆದರೂ ಕ್ರಮವಾಗಿ ಬರೆಯುತ್ತೇನೆ.

ಒಂದನೇ ತಾರೀಕು ದೇವನಹಳ್ಳಿಯಲ್ಲಿ ಸಂಘದ ಕೆಲಸವಿತ್ತು. ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಗೇಟಿನಲ್ಲಿ ಬಸ್ಸಿಳಿದೆ. ಎದುರಿಗೆ ಅಪ್ಪಯ್ಯಣ್ಣನ ಅಂಗಡಿಯಲ್ಲಿ ಎಂದಿನಂತೆ ಏಳೆಂಟು ಜನ. ಅವನ ಅಂಗಡಿಗೆ ಲೈಟೇ ಇಲ್ಲ. ವಿದ್ಯುತ್ ಇದೆಯೋ ಇಲ್ಲವೋ ಅಲ್ಲಿ ಯಾರಿಗೂ ತಿಳಿಯುವಂತಿಲ್ಲ. ಸಂಘದ ಬೀಗ ತೆಗೆದೆ. ಸದ್ದಿಲ್ಲ. ಫ್ರಿಜ್ಜಿನ ಅಡಿಯಲ್ಲಿ ನೀರು ನಿಂತಿತ್ತು. ಅದರ ಬಾಗಿಲು ತೆಗೆದು ಒಳಗೆ ಕೈಯಿಟ್ಟೆ, ನನ್ನ ಮೈಯಷ್ಟೇ ಬೆಚ್ಚಗಿತ್ತು. ಮಧ್ಯಾಹ್ನವೇ ಹೋಗಿರಬೇಕು. ಗೋಣಿಗಳು ಒಣಗಿ ಮಡಿಸಿದಲ್ಲೇ ಇದ್ದವು.

ರಿಲೇ ನೋಡಿದೆ. ನಾಲಿಗೆ ಹಿಂದಕ್ಕೆ ಬಿದ್ದಿತ್ತು. ಅಂದರೆ ಯಂತ್ರ ತನ್ನ ಕೆಲಸ ಮಾಡಿದೆ. ಮನುಷ್ಯ ಮಾಡಿಲ್ಲ.

ಊರಿಗೆ ಓಡಿದೆ. ದಾರಿಯುದ್ದಕ್ಕೂ ಏನೇನು ಹೇಳಬೇಕೆಂದು ಜೋಡಿಸಿಕೊಳ್ಳುತ್ತಿದ್ದೆ. ಜನದ್ರೋಹ ಎಂಬ ಮಾತೂ ಅದರಲ್ಲಿತ್ತು. ಬೈಲಪ್ಪನ ಮನೆಯ ಬಾಗಿಲು ತೆರೆದಿತ್ತು, ಒಳಗೆ ಯಾರ ಸುಳಿವೂ ಇಲ್ಲ. ಗಂಡ ಹೆಂಡತಿ ಇಬ್ಬರೂ ಹಿತ್ತಲ ಆಚೆ ತೋಟದಲ್ಲಿದ್ದರೆಂದು ಆಮೇಲೆ ಗೊತ್ತಾಯಿತು. ಗಂಟೆ ಹೊಡೆದರೆ ಅಲ್ಲಿಗೆ ಕೇಳಿಸುತ್ತದೆ ಎಂಬ ನಂಬಿಕೆಯಲ್ಲಿ ಹೋಗಿದ್ದರು. ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ದುಂಬಿ ಗುಂಯ್ ಎಂದಂತೆ ಒಂದು ಸದ್ದು. ಗೋಡೆ ನೋಡಿದೆ. ಗಂಟೆಗೂ ಅದರ ಸುತ್ತಿಗೆಗೂ ನಡುವೆ ಹಳೆಯ ಸೀರೆಯ ತುಂಡೊಂದನ್ನು ಮಡಿಸಿ ಮಡಿಸಿ ತುರುಕಿತ್ತು. ಸುತ್ತಿಗೆ ಆ ಬಟ್ಟೆಯನ್ನೇ ಹೊಡೆಯುತ್ತಿತ್ತು. ಮಧ್ಯಾಹ್ನದಿಂದ ಬಿಡದೆ ಹೊಡೆದಿರಬೇಕು.

ಮರೆಯ ಸೀರೆ ಅರ್ಧ ಸರಿದಿತ್ತು. ಮುನಿರತ್ನಮ್ಮ ಗೋಡೆಗೊರಗಿ ಕೂತಲ್ಲೇ ನಿದ್ದೆ ಹೋಗಿದ್ದಳು. ಬಾಯಿ ತೆರೆದಿತ್ತು, ಒಂದು ಕೈ ತೊಟ್ಟಿಲ ಹಗ್ಗದ ಮೇಲೆ. ಎಷ್ಟು ದಿನದ ನಿದ್ದೆಯೋ. ಮಗು ಮುಷ್ಟಿ ಬಿಚ್ಚಿ ಮಲಗಿತ್ತು.

ನಾನು ಮೊದಲು ಬ್ಯಾಟರಿಯ ತಂತಿ ಬಿಚ್ಚಿದೆ, ಆಮೇಲೆ ಬಟ್ಟೆ ಎಳೆದೆ. ತಾಂತ್ರಿಕವಾಗಿಯೂ ಅದೇ ಸರಿಯಾದ ಕ್ರಮ. ಬಟ್ಟೆಯಲ್ಲಿ ಅರಿಶಿನದ ವಾಸನೆ. ಜೇಬಿಗೆ ಹಾಕಿಕೊಂಡೆ. ಅಷ್ಟರಲ್ಲಿ ಅವಳು ಕಣ್ಣು ಬಿಟ್ಟಳು. ನನ್ನನ್ನು ನೋಡಿದಳು, ಗೋಡೆಯನ್ನು ನೋಡಿದಳು. ಅವಳ ಮುಖದಲ್ಲಿ ಆದದ್ದನ್ನು ಬರೆಯಲು ನನಗೆ ಬಾರದು. ಕರೆಂಟು ಹೋಗಿದೆ, ನಿಮ್ಮಮ್ಮನನ್ನು ಕೂಗು ಎಂದಷ್ಟೇ ಹೇಳಿ ಹೊರಗೆ ಬಂದೆ.

ಆಮೇಲಿನದು ಓಟ. ಮುನಿತಾಯಮ್ಮ, ಬೈಲಪ್ಪಣ್ಣ ಕುಂಟುತ್ತ, ಟೀ ಅಂಗಡಿಯವರೆಲ್ಲ. ಹಾಳೆಗಳನ್ನು ಮಡಕೆಗಳಿಗೆ ಸೇರಿಸಿದೆವು. ತಡವಾಗಿತ್ತು. ಬೆಳಗಾಗುವಷ್ಟರಲ್ಲಿ ಒಡೆಯತೊಡಗಿದವು. ಒಡೆದ ಮರಿಗೆ ಅದೇ ದಿನ ಎಳೆ ಎಲೆ ಬೇಕು, ಅದೂ ದಾರದಷ್ಟು ಸಣ್ಣಗೆ ಹೆಚ್ಚಿದ್ದು. ಯಾರ ತೋಟದಲ್ಲಿ ಚಿಗುರಿದೆ, ಯಾರದು ಇನ್ನೂ ಬೋಳು ಎಂದು ಮನೆಮನೆ ಅಲೆದೆವು. ಮುನಿತಾಯಮ್ಮ ತನ್ನ ಪಾಲಿನ ಚಿಗುರನ್ನೆಲ್ಲ ಕಿತ್ತು ಮೊದಲು ಬೇರೆಯವರ ಹಾಳೆಗೆ ಹಾಕಿದಳು. ಯಾಕೆ ಎಂದು ಯಾರೂ ಕೇಳಲಿಲ್ಲ. ನನಗೆ ಮಾತ್ರ ಗೊತ್ತು.

ಮುಕ್ಕಾಲು ಪಾಲು ಉಳಿಯಿತು. ಉಳಿಯದಿದ್ದುದರಲ್ಲಿ ಅಕ್ಕಯ್ಯಮ್ಮನವು ಎಲ್ಲವೂ ಸೇರಿವೆ. ಅವರದು ಒಂಟಿ ಹೆಂಗಸಿನ ಸಂಸಾರ, ತೋಟ ಗೇಣುದ್ದವೂ ಚಿಗುರಿರಲಿಲ್ಲ. ಎಲೆ ಕೊಂಡೊಯ್ಯುವಷ್ಟರಲ್ಲಿ ಹಾಳೆಯ ಮೇಲೆ ಕದಲಿಕೆ ನಿಂತಿತ್ತು.

ಏಳನೇ ತಾರೀಕು ಸಭೆ ಕರೆದಿದ್ದಾರೆ. ನಾನು ಮಾಡಿದ ನಿಯಮವನ್ನು ವೆಂಕಟರಾಮಪ್ಪನವರು ಮರೆತಿಲ್ಲ.

೫ ಏಪ್ರಿಲ್

ಮುನಿತಾಯಮ್ಮ ಗೇಟಿಗೆ ಬಂದು ನಿಂತಿದ್ದರು. ಒಳಗೆ ಬನ್ನಿ ಎಂದರೆ ಬರಲಿಲ್ಲ. ಮಗಳು ಎಲ್ಲ ಹೇಳಿದ್ದಾಳೆ, ಅನ್ನ ಮುಟ್ಟುತ್ತಿಲ್ಲ, ತಾನೇ ಸಭೆಗೆ ಬಂದು ಹೇಳುತ್ತೇನೆ ಎನ್ನುತ್ತಿದ್ದಾಳೆ. ಹೇಳಿದರೆ ಬೈಲಪ್ಪಣ್ಣನ ಕೆಲಸ ಹೋಗುತ್ತದೆ, ಆ ಸಂಬಳದಲ್ಲೇ ಮನೆ ನಡೆಯುವುದು. ಅದು ಹೋದರೂ ಬದುಕಬಹುದು, ಆದರೆ ಅಕ್ಕಯ್ಯಮ್ಮನ ಬೆಳೆ ತಿಂದವಳು ಎಂಬ ಹೆಸರನ್ನು ಮಗಳು ಹೊತ್ತುಕೊಂಡು ಬಾಳಬೇಕಲ್ಲ, ಗಂಡನ ಮನೆಗೂ ಆ ಸುದ್ದಿ ಹೋಗುತ್ತದಲ್ಲ ಎಂದರು.

"ನೀನು ಸುಳ್ಳು ಹೇಳೋನಲ್ಲ ಅಂತ ಗೊತ್ತು ಕಣ್ ಮಗ. ಕೇಳಕ್ಕೆ ಬಂದಿಲ್ಲ. ಹೇಳೋಕೆ ಮುಂಚೆ ನಂಗೊಂದ್ ಮಾತು ತಿಳಿಸು. ಅವತ್ತು ಅವಳನ್ನ ಒಬ್ಬಳೇ ಬಿಡಲ್ಲ" ಎಂದರು.

ನಾನು ಸತ್ಯ ಸತ್ಯವೇ ಎಂದು ಏನೋ ಹೇಳತೊಡಗಿದೆ. ಅವರು ತಲೆಯಾಡಿಸುತ್ತ ಕೇಳಿದರು. ಪಾದ ಸುಟ್ಟು ಒಡೆದಿತ್ತು. ಆ ಕಾಲಲ್ಲೇ ತಿರುಗಿ ಹೋದರು.

ಕಿರುಹೊತ್ತಿಗೆಗಳನ್ನು ಮತ್ತೆ ತೆಗೆದು ನೋಡಿದೆ. ಜನತೆಯ ಬಗ್ಗೆ ಬಹಳ ಇದೆ. ಇಂಥದಕ್ಕೆ ಏನೂ ಸಿಗಲಿಲ್ಲ.

೬ ಏಪ್ರಿಲ್

ಬೆಳಿಗ್ಗೆ ಬೇಗ ಏಣಿ ತೆಗೆದುಕೊಂಡು ಹೋಗಿ ಮೂರನೆಯ ಹೊಂಗೆ ಮರದ ಹತ್ತಿರ ತಂತಿಯ ಕೆಲಸ ಮಾಡಿದೆ. ಅಳಿಲು ಕಡಿದ ಗುರುತು ಜೋಡಿ ಜೋಡಿಯಾಗಿ, ಸ್ವಲ್ಪ ಓರೆಯಾಗಿ ಇರುತ್ತದೆ. ಚಾಕುವಿನ ತುದಿಯಲ್ಲಿ ಅದನ್ನು ಮಾಡುವುದು ಸುಲಭವಲ್ಲ. ಎರಡು ಸಲ ಕೆಟ್ಟಿತು. ಮೂರನೆಯದು ಪರವಾಗಿಲ್ಲ.

೭ ಏಪ್ರಿಲ್

ಸಭೆ. ಇಷ್ಟು ಜನ ಹಿಂದೆಂದೂ ಸೇರಿರಲಿಲ್ಲ. ಹೆಂಗಸರು ಜಗಲಿಯ ಮೇಲೆ, ಅವರ ನಡುವೆ ಮುನಿತಾಯಮ್ಮ. ಪಕ್ಕದಲ್ಲಿ ಮುನಿರತ್ನಮ್ಮ ಮಗುವನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೂತಿದ್ದಳು. ಬಾಣಂತಿ ಹೊರಗೆ ಬಂದದ್ದಕ್ಕೆ ಯಾರೋ ಗದರಿದರು. ಬೈಲಪ್ಪಣ್ಣ ಅವತ್ತಿನ ಹಾಗೆಯೇ ಗೋಡೆಗೊರಗಿ ನಿಂತಿದ್ದರು.

ಮೊದಲು ಅಕ್ಕಯ್ಯಮ್ಮ ಎದ್ದರು. ಬಯ್ಯುತ್ತಾರೆ ಎಂದುಕೊಂಡಿದ್ದೆ. ಬಯ್ಯಲಿಲ್ಲ. ಯಾರಿಂದ ಆಯಿತು ಎಂದು ತಿಳಿದರೆ ಸಾಕು, ನನಗೆ ಬೇರೇನೂ ಬೇಡ ಎಂದು ಕೂತುಬಿಟ್ಟರು.

ವೆಂಕಟರಾಮಪ್ಪನವರು ನನ್ನ ಕಡೆ ತಿರುಗಿದರು.

"ನೋಡಪ್ಪಾ ಮುನಿಸ್ವಾಮಿ. ಗಂಟೆ ಹೊಡ್ದು ಈ ಮನೆಯವ್ರು ಬರ್ಲಿಲ್ಲ ಅಂದ್ರೆ ನೀನೇ ಮಾಡ್ದ ರೂಲು ಐತೆ. ಗಂಟೇನೇ ಹೊಡೀಲಿಲ್ಲ ಅಂದ್ರೆ ಆ ಮಾತು ಬೇರೆ. ಒಂದೇ ಮಾತಲ್ಲಿ ಹೇಳು. ಹೊಡೀತೋ, ಇಲ್ವೋ?"

ಜಗಲಿಯ ಮೇಲೆ ಮುನಿರತ್ನಮ್ಮ ಏಳಲು ಮೊಣಕಾಲೂರಿದ್ದು ಕಂಡಿತು.

"ಹೊಡೀಲಿಲ್ಲ" ಎಂದೆ. "ಹೊಂಗೆ ಮರದ ಹತ್ರ ಅಳಿಲು ತಂತಿ ಕಡಿದಿತ್ತು. ಅಲ್ಲಿ ತಂತಿ ಎಳೆದದ್ದು ನಾನು. ತಪ್ಪು ನಂದು."

ಕೆಲವರು ಹೋಗಿ ನೋಡಿಬಂದರು. ಹೌದು, ಅಳಿಲೇ ಎಂದರು. ಅಕ್ಕಯ್ಯಮ್ಮ ಎದ್ದು ನನ್ನ ಹತ್ತಿರ ಬಂದರು. "ನಿನ್ ಗಂಟೆ ನಂಬ್ಕೊಂಡು ಕೂತಿದ್ದೆ ಕಣಪ್ಪ" ಎಂದರು. ತಲೆ ಬಗ್ಗಿಸಿ ನಿಂತೆ. ಮುನಿರತ್ನಮ್ಮ ಇದ್ದಲ್ಲೇ ಕೂತಿದ್ದಳು. ಅವಳ ಕಡೆ ನೋಡಲಿಲ್ಲ.

ಎಲ್ಲರೂ ಹೋದ ಮೇಲೆ ವೆಂಕಟರಾಮಪ್ಪನವರು ಚಪ್ಪಲಿ ಮೆಟ್ಟುತ್ತ ಹತ್ತಿರ ಬಂದರು. "ಅಳಿಲಿಗೆ ಚಾಕು ಕೊಟ್ಟೋರ್ಯಾರಪ್ಪಾ?" ಎಂದರು. ನಾನು ಜಮಖಾನ ಸುತ್ತತೊಡಗಿದೆ. "ಹತ್ತನೇ ತಾರೀಕು ಸಾಹೇಬ್ರ ಮುಂದೂ ಇದನ್ನೇ ಹೇಳ್ಬೇಕಾಗ್ತದೆ. ಅಲ್ಲಿ ಬೇರೆ ಇಲ್ಲಿ ಬೇರೆ ಹೇಳಿದ್ಯೋ, ನಾನು ಸುಮ್ನಿರಲ್ಲ."

೧೦ ಏಪ್ರಿಲ್

ಸಾಹೇಬರು ಬಂದರು. ತಾವೇ ಮೈನ್ ಇಳಿಸಿ, ಏರಿಸಿ, ಮತ್ತೆ ಇಳಿಸಿ ನೋಡಿದರು. ಗಂಟೆಯನ್ನು ಸಂಘದಲ್ಲೇ ಜೋಡಿಸಿ ತೋರಿಸಿದ್ದೆ. ಪ್ರತಿ ಸಲವೂ ಸ್ಪಷ್ಟವಾಗಿ ಹೊಡೆಯಿತು.

"ಚೆನ್ನಾಗೇ ಇದೆಯಲ್ಲಯ್ಯ. ಅವತ್ತೇನಾಯ್ತು?"

ಅಳಿಲು ತಂತಿ ಕಡಿದು ಅವತ್ತು ಕೆಲಸ ಮಾಡಲಿಲ್ಲ ಸಾರ್ ಎಂದೆ. ವೆಂಕಟರಾಮಪ್ಪನವರು ಕುರ್ಚಿಯಲ್ಲಿ ಕೂತು ಮೀಸೆ ಸವರಿಕೊಳ್ಳುತ್ತಿದ್ದರು. ಸಾಹೇಬರು ಬೇಸರದಿಂದಲೇ ಹೇಳಿದರು: ಒಂದು ದಿನ ಹೊಡೆದು ಒಂದು ದಿನ ಸುಮ್ಮನಿರುವುದನ್ನು ಬೇರೆ ಕೇಂದ್ರಗಳಿಗೆ ಹೇಗೆ ಹಾಕಿಸಲಿ, ಅಲ್ಲಿಯ ಜನ ಇದನ್ನು ನಂಬಿ ಕೂತರೆ? ನ್ಯಾಯವಾದ ಮಾತು. ಆ ರಿಲೇ ಒಂದು ಸಲವೂ ತಪ್ಪಿಲ್ಲ ಎಂದು ನನಗೆ ಗೊತ್ತು, ರಿಲೇಗೆ ಗೊತ್ತು. ಜೀಪು ಹೋಯಿತು.

ಮಧ್ಯಾಹ್ನ ಅಕ್ಕಯ್ಯಮ್ಮನ ಹುಳದ ತಟ್ಟೆಗಳನ್ನು ಕೆರೆಗೆ ಒಯ್ದು ತೊಳೆದುಕೊಟ್ಟೆ. ಅವರು ಬೇಡ ಎನ್ನಲಿಲ್ಲ. ನಾಳೆ ಗೋಡೆಗೆ ಸುಣ್ಣ ಬಳಿಯುವುದಿದೆ.

೧೪ ಏಪ್ರಿಲ್

ಗಂಟೆಯನ್ನು ಅಪ್ಪಯ್ಯಣ್ಣನ ಅಂಗಡಿಗೆ ಬದಲಿಸಿದೆ. ರಸ್ತೆ ದಾಟಿದರೆ ಮುಗಿಯಿತು, ಒಂದು ಸುತ್ತು ತಂತಿಯೂ ಬೇಕಾಗಲಿಲ್ಲ. ಉಳಿದದ್ದನ್ನೆಲ್ಲ ಹೊಂಗೆ ಮರಗಳಿಂದ ಬಿಚ್ಚಿ ಸುತ್ತಿಟ್ಟೆ. ಅಳಿಲಿನ ಕಾಟ ಎಂದೆ.

"ಇದನ್ನೇ ಅಲ್ವೇನೋ ನಾನು ಮೊದ್ಲೇ ಬಡ್ಕೊಂಡಿದ್ದು? ಬೀಡಿ ಸೇದೋರು ಹೊಣೆ ಇಲ್ದೋರು ಅಂದಿದ್ದೆ ನೀನು" ಎಂದರು ಅಪ್ಪಯ್ಯಣ್ಣ.

ಸಂಘದ ಬಾಗಿಲಲ್ಲಿ ನೀರಿನ ಮಡಕೆ, ಸೀಗೆಪುಡಿ ಇಡುತ್ತೇನೆ, ಬೀಡಿ ಬಿಸಾಕಿ ಕೈ ತೊಳೆದು ಒಳಗೆ ಬರಬೇಕು ಎಂದೆ. ಇನ್ನೊಂದು ಬೀಗದ ಕೈಯನ್ನು ಅವರ ಹತ್ತಿರ ಕೊಟ್ಟೆ. ಹಳೆಯ ನಿಯಮ ಏನಾಯಿತು ಎಂದು ಯಾರೋ ಕೇಳಿದರು. ಅದು ಇದ್ದೇ ಇದೆ, ಈಗ ಯಾರನ್ನು ತೆಗೆಯುತ್ತೀರಿ, ಟೀ ಕುಡಿಯುವವರನ್ನೇ ಎಂದು ಇನ್ನೊಬ್ಬರು ಕೇಳಿದರು. ನಕ್ಕರು. ನಾನೂ ನಕ್ಕೆನೆಂದು ಕಾಣುತ್ತದೆ.

ಮುನಿತಾಯಮ್ಮ ಗಂಟೆಗೆ ಕುಂಕುಮ ಇಟ್ಟರು. ಲೋಹಕ್ಕೆ ಅದರಿಂದ ತೊಂದರೆಯಿಲ್ಲ.

೨ ಜುಲೈ

ಬಹಳ ದಿನ ಬರೆಯಲಾಗಲಿಲ್ಲ. ಏಪ್ರಿಲಿನ ಹುಳ ಗೂಡು ಕಟ್ಟಿ ದೇವನಹಳ್ಳಿ ಪಕ್ಕದ ವಿಜಯಪುರದ ಸಂತೆ ಸೇರಿತು. ಹೊಸ ಮೊಟ್ಟೆ ಫ್ರಿಜ್ಜಿನಲ್ಲಿದೆ. ಈ ಸಲ ಅಕ್ಕಯ್ಯಮ್ಮನ ತೋಟವೇ ಎಲ್ಲರಿಗಿಂತ ಮುಂದೆ ಚಿಗುರಿದೆ.

ಮುನಿರತ್ನಮ್ಮ ಇವತ್ತು ಗಂಡನ ಮನೆಗೆ ಹೊರಟಳು. ಬೈಲಪ್ಪಣ್ಣ, ಮುನಿತಾಯಮ್ಮ ಗಂಟುಮೂಟೆ ಹೊತ್ತು ಬಸ್ಸಿಗೆ ಬಂದಿದ್ದರು. ಅವರು ಅಪ್ಪಯ್ಯಣ್ಣನ ಹತ್ತಿರ ಮಾತಾಡುತ್ತಿದ್ದಾಗ ಅವಳು ಮಗುವನ್ನೆತ್ತಿಕೊಂಡು ನನ್ನ ಹತ್ತಿರ ಬಂದಳು. ಮಗು ಗುಂಡಗೆ ಬೆಳೆದಿದೆ. ನನ್ನ ಕನ್ನಡಕಕ್ಕೆ ಕೈ ಹಾಕಿತು.

"ಅಣ್ಣ" ಎಂದಳು ನೆಲ ನೋಡುತ್ತ. "ಆ ಬಟ್ಟೆ…"

"ಯಾವ ಬಟ್ಟೆ?" ಎಂದೆ.

ಅವಳು ತಲೆಯೆತ್ತಿದಳು. ಕಣ್ಣು ತುಂಬಿತ್ತು. ಮುಂದೆ ಏನು ಹೇಳುತ್ತಿದ್ದಳೋ, ಅಷ್ಟರಲ್ಲಿ ನಮ್ಮ ತಲೆಯ ಮೇಲೆಯೇ ಗಂಟೆ ಹೊಡೆಯಿತು. ಅಂಗಡಿಯಲ್ಲಿದ್ದವರೆಲ್ಲ ಟೀ ಲೋಟ ಬಿಟ್ಟು ಎದ್ದರು. ಬೀಡಿಗಳು ರಸ್ತೆಗೆ ಬಿದ್ದವು. ಯಾರೋ ಬೀಗ ತೆಗೆದರು, ಯಾರೋ ಗೋಣಿ ನೆನೆಸಿದರು, ಮುನಿತಾಯಮ್ಮ ಗಂಟು ಕೆಳಗಿಟ್ಟು ಎಲ್ಲರಿಗಿಂತ ಮುಂದೆ ಓಡಿದರು. ಬೈಲಪ್ಪಣ್ಣನೂ ಕುಂಟುತ್ತ ಹಿಂದೆಯೇ. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕರೆಂಟೂ ಬಂದುಬಿಟ್ಟಿತ್ತು.

ಅಪ್ಪಯ್ಯಣ್ಣ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದರು.

"ನಿನ್ ರೂಲು ಪ್ರಕಾರ ಇವತ್ತು ನಿನ್ ಕೆಲ್ಸ ಹೋಯ್ತು ಕಣೋ ಮುನಿಸ್ವಾಮಿ. ಎಲ್ಲ ಓಡಿದ್ರು, ನೀನೊಬ್ಬ ನಿಂತಿದ್ದೆ. ಏನ್ ಮಾಡ್ತಿದ್ದೆ ಅಲ್ಲಿ?"

ಮಗುವಿನ ಎರಡು ಕಿವಿಗಳನ್ನೂ ನನ್ನ ಅಂಗೈಗಳಿಂದ ಮುಚ್ಚಿದ್ದೆ. ಗಂಟೆ ನಿಲ್ಲುವವರೆಗೆ ತೆಗೆದಿರಲಿಲ್ಲ. ಅದು ಅಳಲಿಲ್ಲ, ನನ್ನ ಮುಖವನ್ನೇ ನೋಡುತ್ತಿತ್ತು.

"ಕೈ ಖಾಲಿ ಇರ್ಲಿಲ್ಲಣ್ಣ" ಎಂದೆ.